ಷಣ್ಮುಖಪ್ಪನವರ ಬಾಯ್ಕಾಟು

"ಇವತ್ತಿನಿಂದ ಈ ಬೀದಿಯ ಒಂದು ಕಾಳು ರಾಗಿಯೂ ಆ ಮಿಲ್ಲಿನೊಳಕ್ಕೆ ಹೋಗಕೂಡದು" ಎಂದು ಷಣ್ಮುಖಪ್ಪನವರು ಅರಳಿಕಟ್ಟೆಯ ಮೇಲೆ ನಿಂತು ಘೋಷಿಸಿದಾಗ, ಸ್ವಾತಂತ್ರ್ಯ ಬಂದು ಏಳು ವರ್ಷವಾಗಿತ್ತು, ಗಾವಡಗೆರೆ ಕಡೆಯ ಆ ಚಿಕ್ಕ ಊರಿಗೆ ಹಿಟ್ಟಿನ ಮಿಲ್ಲು ಬಂದು ಎರಡು ವರ್ಷವಾಗಿತ್ತು.

ಆದದ್ದು ಇಷ್ಟೆ. ಹೆಂಗಸರು ರಾಗಿ ಕುಕ್ಕೆಗಳನ್ನು ಮಿಲ್ಲಿನಲ್ಲಿ ಸಾಲಾಗಿ ಇಟ್ಟು ಮನೆಗೆ ಹೋಗುವುದು ವಾಡಿಕೆ. ಹುಣಸೂರಿನ ಬಸ್ಸಿಳಿದು ಬರುತ್ತಿದ್ದ ಷಣ್ಮುಖಪ್ಪನವರು, ಸಾಲಿನಲ್ಲಿ ಮೊದಲಿದ್ದ ತಮ್ಮ ಮನೆಯ ಕುಕ್ಕೆಯನ್ನು ಮಿಲ್ಲಿನ ಗುರುಸ್ವಾಮಿ ಪಕ್ಕಕ್ಕೆ ಸರಿಸಿ, ಹಿಂದಿದ್ದ ಆಚೆ ಬೀದಿಯ ತಿಮ್ಮಯ್ಯನ ಮನೆಯದನ್ನು ಸುರಿದದ್ದನ್ನು ಕಣ್ಣಾರೆ ಕಂಡರು. ಮೂರು ತಲೆಮಾರಿನ ಮರ್ಯಾದೆ ಪಕ್ಕಕ್ಕೆ ಸರಿದಂತಾಯಿತು. ಅಂದೇ ಪತ್ರಿಕೆಯಲ್ಲಿ ಒಂದು ಇಂಗ್ಲಿಷ್ ಮಾತು ಕಣ್ಣಿಗೆ ಬಿದ್ದಿತ್ತು.

"ಬಾಯ್ಕಾಟ್ ಅಂದ್ರೆ ಏನು ಸ್ವಾಮಿ?" ಎಂದ ಕಟ್ಟೆಯ ಕೆಳಗೆ ನಿಂತಿದ್ದ ಎದುರುಮನೆಯ ಸಿದ್ದಯ್ಯ.

"ಒಬ್ಬ ಹೋಗದಿದ್ರೆ ಅದು ಮುನಿಸು. ಎಲ್ಲಾರೂ ಮಾತಾಡ್ಕೊಂಡು ಹೋಗದಿದ್ರೆ ಬಾಯ್ಕಾಟ್. ಬಯ್ಯಂಗಿಲ್ಲ, ಹೊಡಿಯಂಗಿಲ್ಲ. ಬರೀ ಒಲ್ಲೆ ಅನ್ನೋದು."

ಮರ್ಯಾದೆ ತಮ್ಮೊಬ್ಬರದಲ್ಲ, ಬೀದಿಯದು ಎಂದು ಉಳಿದ ಹನ್ನೊಂದು ಮನೆಯ ಬಾಗಿಲಿಗೂ ಖುದ್ದಾಗಿ ಹೋಗಿ, ಒಬ್ಬೊಬ್ಬ ಯಜಮಾನನ ಒಪ್ಪಿಗೆಯನ್ನೂ ಪಡೆದರು. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ ನೀಲಾಂಬಿಕೆ ಒಂದೇ ಮಾತು ಕೇಳಿದಳು.

"ಹಿಟ್ಟಿಗೇನು ಮಾಡಾದು?"

"ರಾಗಿಕಲ್ಲಿಲ್ವಾ?"

"ಕಲ್ಲೈತೆ" ಎಂದಳು ನೀಲಾಂಬಿಕೆ. ಅದು ಉತ್ತರವಲ್ಲ, ಇನ್ನೊಂದು ಪ್ರಶ್ನೆ ಎಂದು ಷಣ್ಮುಖಪ್ಪನವರಿಗೆ ಹೊಳೆಯಲಿಲ್ಲ.

ಮರುದಿನ ಬೆಳಗಿನ ಜಾವ ರಾಗಿಕಲ್ಲಿನ ಸದ್ದು ಕೇಳಿ ಅವರಿಗೆ ತುಂಬ ಹಿತವಾಯಿತು. ತಾಯಿಯ ಕಾಲದ ಸದ್ದು. ಹೊದಿಕೆ ಎಳೆದುಕೊಂಡು, ಹಳೆಯ ಕಾಲವೇ ಚೆಂದ ಎಂದುಕೊಳ್ಳುತ್ತ ಮತ್ತೆ ನಿದ್ದೆ ಹೋದರು. ಅತ್ತ ಕಲ್ಲಿನ ಮುಂದೆ ಕುಳಿತವಳಿಗೆ ಎರಡು ವರ್ಷದಿಂದ ಬಿಟ್ಟುಹೋಗಿದ್ದ ಭುಜದ ನೋವು ಮತ್ತೆ ಅಂಟಿಕೊಂಡಿತ್ತು. ನಾಲ್ಕು ದಿನ ಹೀಗೇ ನಡೆಯಿತು.

ಐದನೆಯ ದಿನ ಎಚ್ಚರವಾದಾಗ ಬಿಸಿಲು ಎದೆಯ ಮೇಲಿತ್ತು. ಕಲ್ಲಿನ ಸದ್ದಿಲ್ಲ, ಒಲೆಯಲ್ಲಿ ಹೊಗೆಯಿಲ್ಲ. ನೀಲಾಂಬಿಕೆ ಪಕ್ಕದ ಮನೆಯ ಮಂಗಳಮ್ಮನ ಜೊತೆ ಜಗಲಿಯ ಮೇಲೆ ಹರಟುತ್ತ ಕುಳಿತಿದ್ದಳು.

"ಯಾಕೆ ನೀಲ, ಕೋಪಾನಾ?"

"ಕೋಪ ಇಲ್ಲ ಕಣ್ರೀ. ಒಬ್ಬಳು ಬೀಸದಿದ್ರೆ ಅದು ಮುನಿಸು. ನಾವು ಹನ್ನೆರಡು ಮನೆಯೋರೂ ಮಾತಾಡ್ಕೊಂಡಿದೀವಿ."

ತಾವೇ ಕಟ್ಟೆಯ ಮೇಲೆ ಹೇಳಿದ ಅರ್ಥ, ತಿದ್ದುವ ಹಾಗಿರಲಿಲ್ಲ. ಬೇರೆ ದಾರಿ ಕಾಣದೆ ಷಣ್ಮುಖಪ್ಪನವರು ಪಂಚೆ ಮೇಲೆ ಕಟ್ಟಿ ಕಲ್ಲಿನ ಮುಂದೆ ಕುಳಿತರು. ಗೂಟ ಹಿಡಿದು ಜೋರಾಗಿ ತಿರುಗಿಸಿದ್ದಕ್ಕೆ ಅದು ಕಿತ್ತು ಕೈಗೇ ಬಂತು. ಮತ್ತೆ ಬಡಿದು ಕೂರಿಸಿದರು. ಬೊಗಸೆ ರಾಗಿ ಹಾಕಿದರೆ ಕಾಳು ಇಡಿಯಾಗಿಯೇ ಹೊರಬಿತ್ತು. ಕಡಿಮೆ ಹಾಕಿದರೆ ಕಲ್ಲಿಗೆ ಕಲ್ಲು ತಿಕ್ಕಿ ಮಣ್ಣಿನ ವಾಸನೆ ಬಂತು. ಅರ್ಧ ಗಂಟೆಯಲ್ಲಿ ಸಿಕ್ಕಿದ್ದು ಎರಡು ಹಿಡಿ ತರಿ, ಅಂಗೈಯಲ್ಲಿ ಮೂರು ಬೊಬ್ಬೆ. ತಾಯಿಯ ಅಂಗೈ ಒರಟಾಗಿದ್ದುದು ನೆನಪಾಯಿತು. ಹಾಸಿಗೆಯಲ್ಲಿ ಮಲಗಿ ಸವಿದ ಆ ಸದ್ದು ಯಾರದೋ ತೋಳಿನ ನೋವಾಗಿತ್ತು ಎಂದು ಐವತ್ತರ ವಯಸ್ಸಿನಲ್ಲಿ ತಿಳಿದು ನಾಚಿಕೆಯಾಯಿತು.

ಕುಕ್ಕೆಗೆ ರಾಗಿ ತುಂಬಿ, ತಲೆಯ ಮೇಲಿಟ್ಟು, ಮುಖ ಕಾಣದಂತೆ ಟವೆಲು ಇಳಿಬಿಟ್ಟು ಹಿತ್ತಲ ದಾರಿಯಲ್ಲಿ ಮಿಲ್ಲಿಗೆ ನಡೆದರು. ಅಲ್ಲಿ ಆಗಲೇ ಹನ್ನೊಂದು ಟವೆಲುಗಳು ಸಾಲಾಗಿ ನಿಂತಿದ್ದವು. ಮೊದಲ ಟವೆಲಿನ ಒಳಗಿಂದ ಸಿದ್ದಯ್ಯ, "ಬನ್ನಿ ಸ್ವಾಮಿ" ಎಂದ.

"ನಿಮ್ಮ ಕುಕ್ಕೆ ಮೊದಲು ತನ್ನಿ ಯಜಮಾನ್ರೇ" ಎಂದ ಗುರುಸ್ವಾಮಿ.

"ಬೇಡ, ಸರದಿ ಬರಲಿ. ಆವತ್ತು ಯಾಕೆ ಪಕ್ಕಕ್ಕೆ ಇಟ್ಟೆ, ಅಷ್ಟು ಹೇಳು."

"ತಿಮ್ಮಯ್ಯನ ಸೊಸೆಗೆ ಹೆರಿಗೆ ನೋವು ಬಂದಿತ್ತಂತೆ, ಮನೇಲಿ ಹಿಟ್ಟಿರಲಿಲ್ವಂತೆ. ಅವರದು ಮೊದಲು ಹಾಕು, ನಮ್ಮದು ಆಮೇಲೆ ಅಂತ ನಿಮ್ಮನೆ ಅಮ್ಮಾವ್ರೇ ಹೇಳಿ ಹೋದ್ರು. ನಾನಾಗಿ ಯಾಕೆ ಸರಿಸಲಿ?"

ಬಿಸಿ ಹಿಟ್ಟಿನ ಕುಕ್ಕೆ ಹೊತ್ತು ಷಣ್ಮುಖಪ್ಪನವರು ಈ ಸಲ ಊರ ನಡುವಿನ ಬೀದಿಯಲ್ಲೇ ಬಂದರು. ಜಗಲಿಯ ಮೇಲೆ ಇಳಿಸಿ ಬೆವರು ಒರೆಸಿಕೊಂಡರು.

"ನೀನೇ ಸರದಿ ಬಿಟ್ಕೊಟ್ಟೆ ಅಂತ ನಂಗ್ಯಾಕೆ ಹೇಳ್ಲಿಲ್ಲ?"

ನೀಲಾಂಬಿಕೆ ಅವರ ಅಂಗೈ ತಿರುಗಿಸಿ, ಬೊಬ್ಬೆಗಳಿಗೆ ಹರಳೆಣ್ಣೆ ಹಚ್ಚುತ್ತ ಮೆಲ್ಲಗೆ ಹೇಳಿದಳು:

"ಹನ್ನೊಂದು ಮನೆಗೆ ಹೋಗಿ ಕೇಳಿದ್ರಿ. ಈ ಮನೇಲಿ ಕೇಳ್ಲಿಲ್ವಲ್ಲ."