ಚಿಕ್ಕಪ್ಪ ಕಡೆದ ಬುಟ್ಟಿ

ನಮ್ಮ ಚಿಕ್ಕಪ್ಪನಂಥ ಮೋಸಗಾರರು ಕೊಯಮತ್ತೂರು ಸೀಮೆಯಲ್ಲಿ ಇನ್ನೊಬ್ಬರಿಲ್ಲ! ನಂಬುವುದಿಲ್ಲವೇ? ಪೆರಿಯನಾಯಕನಪಾಳ್ಯಂನ ಅವರ ಮನೆಗೆ ಹೋಗಿ ನೋಡಿ. ಮೇಜಿನ ಮೇಲೆ ಅಚ್ಚುಕಟ್ಟಾಗಿ ಹೆಣೆದ ಬುಟ್ಟಿಯೊಂದು ಕೂತಿರುತ್ತದೆ. ಎತ್ತಲು ಹೋದರೆ ಮಣಭಾರ! ಒಂದು ಎಳೆ ಓಲೆಯಿಲ್ಲ, ಬೆತ್ತವಿಲ್ಲ. ಎಲ್ಲವೂ ಒಂದೇ ತುಂಡು ಮರ. ಹೂ ಮಾರುವಾಕೆ ಒಮ್ಮೆ ಅದರ ಅಂಚನ್ನು ಬಗ್ಗಿಸಿ ನೋಡಲು ಹೋಗಿ ಉಗುರು ಮುರಿದುಕೊಂಡಳು. ಚಿಕ್ಕಪ್ಪನಿಗೆ ಎರಡು ದಿನ ಹಬ್ಬ.

ಈ ಹುಚ್ಚು ಹತ್ತುವ ಮೊದಲು ಅವರು ನೇಕಾರರು. ನಮ್ಮ ಮನೆತನವೇ ಮಗ್ಗದ್ದು. ಅವರು ನೇಯುತ್ತಿದ್ದ ರೇಷ್ಮೆ ಸೀರೆಗೆ ಇಬ್ಬರು ಬೇಕು: ಒಡಲಿಗೆ ಒಬ್ಬರು, ಅಂಚಿನ ಲಾಳಿ ಎಸೆಯಲು ಪಕ್ಕದಲ್ಲಿ ಇನ್ನೊಬ್ಬರು. ಆ ಇನ್ನೊಬ್ಬರು ನಮ್ಮ ಚಿಕ್ಕಮ್ಮ. ಎಡಪಕ್ಕದಲ್ಲಿ ಕೂತು, ಎಳೆ ಎಣಿಸುತ್ತ, ಲಾಳಿ ಎಸೆಯುತ್ತ, ಗಂಡನನ್ನು ಬೈಯುತ್ತ ಆಯುಷ್ಯದ ಬಹುಪಾಲು ಕಳೆದರು. ಅವರ ಸಂಸಾರವೆಲ್ಲ ಮಗ್ಗದ ಆ ಹಲಗೆಯ ಮೇಲೆಯೇ ನಡೆದದ್ದು. ಚಿಕ್ಕಪ್ಪನ ಮೊಣಕಾಲು ಕೈಕೊಟ್ಟಾಗ ಮಗ್ಗ ಬಿಚ್ಚಿದರು. ಅಷ್ಟರಲ್ಲಿ ಕಾಂಗೇಯಂನಲ್ಲಿ ಚಿಕ್ಕಮ್ಮನ ತಾಯಿ ಬಿದ್ದು ಹಾಸಿಗೆ ಹಿಡಿದರು. ಚಿಕ್ಕಮ್ಮ ನೋಡಿಕೊಳ್ಳಲು ಹೋದವರು ಅಲ್ಲೇ ಉಳಿದರು.

ನೀವೂ ಹೋಗಿ ಇರಬಾರದೇ ಎಂದು ಕೇಳಿದರೆ ಚಿಕ್ಕಪ್ಪ ಸಿಡಿಯುತ್ತಾರೆ. "ಮಾವನ ಮನೇಲಿ ಅಳಿಯ ಒಂದು ಹೊತ್ತು ಉಣ್ಣಬೋದು. ಎರಡನೇ ಹೊತ್ತಿಗೆ ಅವನ ತಟ್ಟೆಗೆ ರಸಂ ನೀರಾಗ್ತದೆ!"

ಹಾಗಾಗಿ ಭಾನುವಾರ ಬಸ್ಸು ಹತ್ತಿ ಹೋಗುವುದು, ಸಂಜೆಗೆ ವಾಪಸು. ಅಲ್ಲಿ ಆಗುವುದಾದರೂ ಏನು? ಚಿಕ್ಕಮ್ಮ ಕಾಫಿ ಕೊಡುತ್ತಾರೆ, "ಮಾತ್ರೆ ನುಂಗಿದ್ರಾ?" ಅನ್ನುತ್ತಾರೆ, ಒಳಗಿನಿಂದ ತಾಯಿ ಕೂಗುತ್ತಾರೆ, ಚಿಕ್ಕಮ್ಮ ಎದ್ದು ಹೋಗುತ್ತಾರೆ. ಮುಗಿಯಿತು! "ಗ್ಯಾಸ್ ಸಿಲಿಂಡರ್ ತರೋನ ಜೊತೆ ಇದಕ್ಕಿಂತ ಜಾಸ್ತಿ ಮಾತಾಡ್ತಾಳೆ" ಎಂದು ಚಿಕ್ಕಪ್ಪ ಬಸ್ಸಿನಲ್ಲಿ ಗೊಣಗುತ್ತಿದ್ದರು. ಜೊತೆಗೆ ಹೋಗುತ್ತಿದ್ದ ನನಗೆ ನಗು. ಅವರಿಗೆ ಅದು ನಗುವ ವಿಷಯವಾಗಿರಲಿಲ್ಲ.

ಇಂಥ ಹೊತ್ತಿನಲ್ಲೇ ಫೋನಿನಲ್ಲಿ ಯಾರೋ ಬಿಳಿಗಡ್ಡದ ಪರದೇಶದವನು ಮರದಲ್ಲಿ ಬುಟ್ಟಿ ಕಡೆಯುವುದು ಕಂಡಿತು. ಮರದ ತಟ್ಟೆಯನ್ನು ಗಿರಗಿರ ತಿರುಗಿಸುವ ಲೇತಿಗೆ ಕಟ್ಟಿ, ಸುತ್ತಲೂ ಮಣಿಸರದಂತೆ ಉಬ್ಬುಗೆರೆ ಕಡೆದು, ಅಡ್ಡಕ್ಕೆ ಬಿಸಿಸೂಜಿಯಿಂದ ಗೆರೆ ಸುಟ್ಟರೆ ಸಣ್ಣ ಸಣ್ಣ ಮನೆಗಳಾಗುತ್ತವೆ. ಒಂದೊಂದು ಮನೆಗೂ ಬಣ್ಣ ತುಂಬಿದರೆ ಹೆಣೆದ ಬುಟ್ಟಿಯೇ! ಚಿಕ್ಕಪ್ಪ ಮರುವಾರವೇ ಹಳೆಯ ಲೇತೊಂದನ್ನು ತಂದು ಮಗ್ಗವಿದ್ದ ಜಾಗದಲ್ಲಿ ಕೂರಿಸಿದರು.

"ಯಾಕೆ ಚಿಕ್ಕಪ್ಪಾ ಈ ವಯಸ್ಸಲ್ಲಿ?"

"ನಿನ್ನ ಚಿಕ್ಕಮ್ಮಂಗೆ ಕಣೋ. ಅಂಚಲ್ಲಿ ಗೋಪುರ ಹಾಕ್ತೀನಿ, ನಾವಿಬ್ರೂ ಸೀರೆ ಅಂಚಿಗೆ ನೇಯ್ತಿದ್ದ ಗೋಪುರ. ಅದ ನೋಡೋಕಾದ್ರೂ ಒಂದ್ ಗಳಿಗೆ ಪಕ್ಕದಲ್ಲಿ ಕೂತಾಳೇನೋ."

ಮೊದಲ ತಟ್ಟೆ ಲೇತಿನಿಂದ ಹಾರಿ ಹಿತ್ತಿಲ ನುಗ್ಗೆಮರಕ್ಕೆ ಬಡಿಯಿತು. ಮರದಲ್ಲಿದ್ದ ಕಾಗೆಗಳು ವಾರವಿಡೀ ಇತ್ತ ಸುಳಿಯಲಿಲ್ಲ! ಮುಂದಿನದು ತಿರುಗುತ್ತಿರುವಾಗಲೇ ಉಬ್ಬುಗೆರೆಗಳ ನಡುವೆ ತಂತಿ ಒತ್ತಿ ಸುಡಲು ಹೋಗಿ ಬೀದಿಯೆಲ್ಲ ಹೊಗೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿ, "ಏನುಂಗ, ವೀಟ್ಲ ಹೋಮಮಾ?" ಎಂದು, ಮನೆಯಲ್ಲಿ ಹೋಮವೇನೋ ಎಂಬಂತೆ, ಭಕ್ತಿಯಿಂದಲೇ ತಮಿಳಿನಲ್ಲಿ ಕೇಳಿದರು. ಚಿಕ್ಕಪ್ಪ ಕೆಮ್ಮುತ್ತಲೇ ಹೌದೆಂದರು. ಪಾಪ, ಅವರು ಪ್ರಸಾದಕ್ಕೆ ಕಾದರು.

ಕೊನೆಗೊಂದು ತಟ್ಟೆ ಬುಟ್ಟಿಯಾಗಿ ಮುಗಿಯಿತು. ಬಿಳಿಯ ಹಾಲೆಮರದ ಮೇಲೆ ಕೆಂಪು, ಕಪ್ಪು ಗೋಪುರಗಳು ಸುತ್ತಲೂ ಎದ್ದು ನಿಂತವು. ಎಂಥ ಅಂದ! ಆದರೆ ಕೊನೆಯ ಗೋಪುರಕ್ಕೆ ಅರ್ಧ ಜಾಗ ಮಾತ್ರ ಉಳಿದಿತ್ತು, ಮುಂಗಡ ಇಸಿದುಕೊಂಡು ಮೇಸ್ತ್ರಿ ಓಡಿಹೋದ ಕಟ್ಟಡದಂತೆ. ಇದು ನೇಕಾರರಷ್ಟೇ ಮಾಡಬಹುದಾದ ತಪ್ಪು ನೋಡಿ. ಸೀರೆ ಒಂದು ತುದಿಯಲ್ಲಿ ಶುರುವಾಗಿ ಇನ್ನೊಂದು ತುದಿಯಲ್ಲಿ ಮುಗಿಯುತ್ತದೆ. ಅದರ ಕೊನೆ ತನ್ನ ಮೊದಲಿನ ಮುಖ ನೋಡಬೇಕಾದ್ದೇ ಇಲ್ಲ. ದುಂಡನೆಯ ತಟ್ಟೆ ಸುತ್ತಿ ಬಂದು ಶುರುವಾದಲ್ಲಿಗೇ ಸೇರಬೇಕೆಂಬುದು ಚಿಕ್ಕಪ್ಪನಿಗೆ ಹೊಳೆದೇ ಇರಲಿಲ್ಲ.

ಮುಖ ಸಣ್ಣ ಮಾಡಿಕೊಂಡೇ ಅದನ್ನು ಕಾಂಗೇಯಂಗೆ ಒಯ್ದರು. ಚಿಕ್ಕಮ್ಮ ನೋಡಿದವರೇ ಸೆರಗು ಬಾಯಿಗಿಟ್ಟು ನಕ್ಕರು.

"ಏನುಂಗ, ಇಷ್ಟು ವರ್ಷ ನೇಯ್ದು ಕಣಕ್ಕು ಮರೆತೋಯ್ತಾ, ಎಳೆ ಲೆಕ್ಕಾನೇ ಮರೆತೋಯ್ತಾ? ನಾ ಇಲ್ದಿದ್ರೆ ಒಂದು ಗೋಪುರ ನೆಟ್ಟಗೆ ನಿಲ್ಸಕ್ಕಾಗಲ್ವಾ?"

ಹಾಗೆಂದು ಪಕ್ಕದಲ್ಲೇ ಕೂತರು! ಹೆಬ್ಬೆರಳಿಂದ ಮನೆ ಎಣಿಸಿದರು, ಬೈದರು, ಮತ್ತೆ ಎಣಿಸಿದರು. ಒಳಗಿನಿಂದ ತಾಯಿ ಕೂಗಿದರೆ "ಬಂದೆ ಅಮ್ಮಾ" ಅಂದರೇ ಹೊರತು ಏಳಲಿಲ್ಲ. ಕಾಫಿ ಆರಿಹೋಯಿತು. ಆ ಸಂಜೆ ಬಸ್ಸಿನಲ್ಲಿ ಚಿಕ್ಕಪ್ಪ ತಿರುಪ್ಪೂರಿನವರೆಗೂ ಸಿಳ್ಳೆ ಹಾಕಿದರು.

ಮುಂದಿನ ತಟ್ಟೆಗೆ ಮಾನ ಉಳಿಸಲು ನಾನೇ ಹೋಗಿ ಮನೆಗಳನ್ನು ಭಾಗ ಮಾಡಿಕೊಟ್ಟೆ. ಗೋಪುರಗಳು ಒಂದಕ್ಕೊಂದು ಸೇರಿದವು, ಕೊನೆ ಮೊದಲನ್ನು ಮುಟ್ಟಿತು. ಒಂದು ಕೊರತೆ ತೋರಿಸಿ ನೋಡೋಣ ಎಂದು ನಾನೇ ಬೀಗಿದೆ.

ಭಾನುವಾರ ಕಾಂಗೇಯಂನಲ್ಲಿ ಅದನ್ನು ಚೀಲದಿಂದ ತೆಗೆದರೆ ಒಂದು ಗೋಪುರದ ನಡುವೆ, ಕೆಂಪಿರಬೇಕಾದ ಕಡೆ, ಕಪ್ಪು ಮನೆ! ನಿನ್ನೆ ಇರಲಿಲ್ಲ. ಚಿಕ್ಕಮ್ಮ ಕನ್ನಡಕ ತರಲು ಎದ್ದಾಗ ನಾನು ಬಾಯಿ ತೆರೆದೆ. ಚಿಕ್ಕಪ್ಪ ನನ್ನ ತೊಡೆ ಚಿವುಟಿದರು.

"ಸುಮ್ನಿರೋ. ಎಲ್ಲಾ ಸರಿಯಿದ್ರೆ 'ಚೆನ್ನಾಗೈತೆ' ಅಂದ್ಬುಟ್ಟು ಒಳಕ್ಕೋಗ್ಬುಡ್ತಾಳೆ."

ಚಿಕ್ಕಮ್ಮ ಬಂದು ಪಕ್ಕದಲ್ಲಿ ಕೂತರು. ನಿಧಾನವಾಗಿ, ಒಂದೊಂದೇ ಮನೆ ಮುಟ್ಟಿ ಎಣಿಸುತ್ತ ಹೋದರು. ಚಿಕ್ಕಪ್ಪ ಬುಟ್ಟಿ ನೋಡಲಿಲ್ಲ. ಆ ಬೆರಳನ್ನೇ ನೋಡುತ್ತಿದ್ದರು. ಇಬ್ಬರ ಭುಜವೂ ತಾಗಿತ್ತು. ಎಲ್ಲ ಸುತ್ತಿ ಬಂದ ಮೇಲೆ, ಕೊಟ್ಟಕೊನೆಗೆ, ಆ ಕಪ್ಪು ಮನೆ ಸಿಕ್ಕಿತು. ಬೈಗುಳವೂ ಸಿಕ್ಕಿತು.

ಹೊರಡುವ ಮುನ್ನ ಲೋಟ ಇಡಲು ಅಡುಗೆಮನೆಗೆ ಹೋದವನಿಗೆ ತಡೆಯಲಾಗಲಿಲ್ಲ. "ಚಿಕ್ಕಮ್ಮಾ, ಅದು ತಪ್ಪಲ್ಲ. ಅವರು ಬೇಕಂತಲೇ..."

ಚಿಕ್ಕಮ್ಮ ಲೋಟ ತೊಳೆಯುತ್ತಲೇ ಇದ್ದರು, ತಿರುಗಲಿಲ್ಲ.

"ಚೀಲದಿಂದ ತೆಗೀವಾಗ್ಲೇ ಕಂಡ್ತು ಕಣೋ ನಂಗೆ. ಅದಕ್ಕೇ ಅದರ ಪಕ್ಕದ ಮನೆಯಿಂದ ಎಣಿಸೋಕೆ ಶುರು ಮಾಡ್ದೆ. ಪೂರಾ ಸುತ್ತಿ ಬರೋಗಂಟಾದ್ರೂ ಕೂತಿರ್ತಾರಲ್ಲ."