ಬಿರಡೆ ಬದಲಿಸಬೇಕೋ ಬೇಡವೋ

ನನ್ನನ್ನು ಯಾರಾದರೂ ಹೆದರುಪುಕ್ಕಲ ಎಂದು ಕರೆದರೆ ನನಗೆ ಕೋಪ ಬರುವುದಿಲ್ಲ. ಇವರಿಗೆ ಹೇಗೆ ಗೊತ್ತಾಯಿತಪ್ಪಾ ಎಂದು ಹೆದರಿಕೆಯಾಗುತ್ತದೆ. ಮರ್ಯಾದಸ್ಥರು ಹೆದರಬಹುದಾದ ವಸ್ತುಗಳಿಗೆ ನಾನೂ ಮರ್ಯಾದೆಯಾಗಿಯೇ ಹೆದರುತ್ತೇನೆ. ಡೆಂಕಣಿಕೋಟೆಯ ಕಡೆ ರಾಗಿ ಹೊಲಕ್ಕೆ ಆನೆ ನುಗ್ಗಿದಾಗ ತಮಟೆ ಹಿಡಿದು ಓಡಿಸಲು ಹೋದವರ ಪೈಕಿ ನಾನೂ ಒಬ್ಬ. ಎಲ್ಲರಿಗಿಂತ ಹಿಂದೆ ಇದ್ದೆ, ಆನೆ ಹಿಂದೆ ತಿರುಗುವ ಮೊದಲೇ ನಾನು ತಿರುಗಿದ್ದೆ ಎಂಬುದೆಲ್ಲ ಬೇರೆ ಮಾತು. ಆದರೆ ಎರಡನೆಯ ಮಹಾಯುದ್ಧದ ಆ ವರ್ಷಗಳಲ್ಲಿ ಹೊಸೂರಿನ ನಮ್ಮ ಮನೆಯ ನಡುಮನೆ ಗೋಡೆಗೆ ನೇತುಹಾಕಿದ್ದ ಒಂದು ಗಿಟಾರಿಗೆ ನಾನು ಹೆದರಿದಷ್ಟು ಯಾವ ಆನೆಗೂ ಹೆದರಿಲ್ಲ.

ಅದು ನನ್ನ ಹೆಂಡತಿ ಗೌರಿಯ ತಮ್ಮ ಮುನಿರಾಜನದು. ಮಿಲಿಟರಿ ಸೇರಿ ಲಾರಿ ಓಡಿಸುವುದನ್ನು ಕಲಿಯುತ್ತ ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದಾಗ, ಊರಿಗೆ ಹೊರಟಿದ್ದ ಯಾರೋ ಬಿಳಿಯ ಸಿಪಾಯಿ ಕೊಟ್ಟು ಹೋದನಂತೆ. ಹೊಸದಾಗಿ ಕಲಿಯುವವರು ಹಿಡಿಯುವ ಅಗ್ಗದ ಮಾಲು. ಬುರುಡೆ ಕಳೆದುಕೊಂಡ ವೀಣೆಯ ಹಾಗೆ ಕಾಣುತ್ತಿತ್ತು. ಆರು ತಂತಿ, ಅವನ್ನು ಬಿಗಿಯುವುದಕ್ಕೆ ತಲೆಯ ಮೇಲೆ ಆರು ಮರದ ಬಿರಡೆ. ಬರ್ಮಾ ಕಡೆಗೆ ಹೊರಡುವ ಮುಂಚೆ ಮುನಿರಾಜ ಅದನ್ನು ನನ್ನ ಕೈಗೆ ಕೊಟ್ಟು, "ನಾ ಬರೋಗಂಟ ನೋಡ್ಕಳಿ ಭಾವ. ಬಂದ್ಮೇಲೆ ಕಲೀತೀನಿ" ಎಂದ. ಅಷ್ಟೇ ಅವನು ಹೇಳಿದ್ದು. ಉಳಿದದ್ದನ್ನೆಲ್ಲ ನನ್ನ ತಲೆಯೇ ಸೇರಿಸಿಕೊಂಡಿತು.

ನಮ್ಮಜ್ಜ ಏಕತಾರಿ ಹಿಡಿದು ಪದ ಹೇಳುತ್ತಿದ್ದವರು. ಒಮ್ಮೆ ಹೇಳುತ್ತಿದ್ದಂತೆಯೇ ತಂತಿ ಹರಿಯಿತು. ವಾರ ತುಂಬುವುದರೊಳಗೆ ಪರಊರಿಗೆ ಹೋಗಿದ್ದ ದೊಡ್ಡಪ್ಪನ ಸಾವಿನ ಸುದ್ದಿ ಬಂತು. ದೊಡ್ಡಪ್ಪನಿಗೆ ಆಗಲೇ ವರ್ಷಗಟ್ಟಲೆಯ ಕೆಮ್ಮು ಇತ್ತು. ಆದರೆ ನಮ್ಮ ಮನೆಯಲ್ಲಿ ಯಾರೂ ಕೆಮ್ಮಿನ ಮಾತೆತ್ತಲಿಲ್ಲ, ತಂತಿಯ ಮಾತನ್ನೇ ಆಡಿದರು. ಈ ಕತೆಯನ್ನು ನಾನು, ಬಾಯಿ ಸುಮ್ಮನಿರಬೇಕಲ್ಲ, ಗಿಟಾರು ಬಂದ ವಾರವೇ ಗೌರಿಗೂ ನಮ್ಮ ಜೊತೆಯಲ್ಲೇ ಇದ್ದ ಅತ್ತೆಗೂ ಹೇಳಿಬಿಟ್ಟೆ. ಹೇಳಿದ ಮೇಲೆ ಅವರ ಮುಖ ನೋಡಿ ನನಗೇ ಜೀವ ಹಾರಿಹೋಯಿತು. ಇನ್ನು ಈ ಆರು ತಂತಿಯಲ್ಲಿ ಒಂದು ಹರಿದರೂ ಮುನಿರಾಜನ ಗತಿ ಏನು?

ಅಂದಿನಿಂದ ಪ್ರತಿದಿನ ಸ್ಕೂಲಿಗೆ ಪಾಠ ಹೇಳಲು ಹೊರಡುವ ಮುಂಚೆ ಒಂದೊಂದೇ ತಂತಿಯನ್ನು ಬೆರಳ ತುದಿಯಿಂದ ಮೀಟಿ ನೋಡುವುದು ನನ್ನ ನಿತ್ಯಕರ್ಮವಾಯಿತು. ಆರೂ ಣಂಯ್ ಎಂದರೆ ಬರ್ಮಾದಲ್ಲಿ ಹುಡುಗ ಕ್ಷೇಮ ಎಂದು ಲೆಕ್ಕ. ಅತ್ತೆ ಶುಕ್ರವಾರ ಶುಕ್ರವಾರ ಗಿಟಾರಿಗೂ ಅರಿಶಿನ ಕುಂಕುಮ ಇಟ್ಟು, ಅದರ ತಲೆಗೆ ಕನಕಾಂಬರದ ದಂಡೆ ಸುತ್ತತೊಡಗಿದರು. ಸುತ್ತಲಿ, ದೇವರ ಕೃಪೆ ಇನ್ನಷ್ಟು ಇರಲಿ ಎಂದು ನಾನೂ ಕೈಮುಗಿದೆ. ಆದರೆ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಮೂರನೆಯ ತಂತಿ ದೊಬ್ ಎಂದಿತು. ನನ್ನ ಎದೆಯೂ ದೊಬ್ ಎಂದಿತು. ಬಿರಡೆ ತಿರುಗಿಸಿ ಚೂರು ಬಿಗಿದೆ. ಸಂಜೆ ಬಂದು ನೋಡಿದರೆ ಮತ್ತೆ ಸಡಿಲ. ಬಿರಡೆ ಸವೆದುಹೋಗಿದೆ, ತಂತಿಯನ್ನು ಹಿಡಿಯುತ್ತಿಲ್ಲ ಎಂದು ತೀರ್ಮಾನಿಸಿದೆ.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಪೀಕಲಾಟ. ದಂಡಿನ ಒಂದು ಅಂಗಡಿಯಲ್ಲಿ ಲೋಹದ ಬಿರಡೆ ಸಿಗುತ್ತದೆ, ಹಲ್ಲುಚಕ್ರ ಇರುವಂಥದ್ದು, ಒಮ್ಮೆ ಬಿಗಿದರೆ ಜಪ್ಪಯ್ಯ ಅಂದರೂ ಸಡಿಲವಾಗುವುದಿಲ್ಲ ಎಂದು ಯಾರೋ ಹೇಳಿದರು. ಹಾಕಿಸಿದರೆ? ಅದಕ್ಕೆ ಗಿಟಾರಿನ ತಲೆಯಲ್ಲಿ ತೂತು ದೊಡ್ಡದು ಮಾಡಬೇಕು. ತಲೆ ಸೀಳಿಬಿಟ್ಟರೆ? ತಂತಿ ಹರಿಯುವುದೇ ಅಪಶಕುನವಾದರೆ ತಲೆ ಸೀಳುವುದನ್ನು ಏನೆಂದು ಕರೆಯಬೇಕು? ಹಾಕಿಸದಿದ್ದರೆ ದಿನಾ ನಾನೇ ಬಿಗಿಯಬೇಕು. ಬಿಗಿದು ಬಿಗಿದು ನನ್ನ ಕೈಯಲ್ಲೇ ಹರಿದರೆ? ಅತ್ತ ದರಿ, ಇತ್ತ ಪುಲಿ. ಕ್ಲಾಸಿನಲ್ಲಿ ಹುಡುಗರು ತಪ್ಪು ಲೆಕ್ಕ ಮಾಡಿದರೂ ಸರಿ ಎಂದು ಕಳಿಸತೊಡಗಿದೆ. ಸೈಕಲ್ ಬೆಲ್ ಕೇಳಿದರೆ ತಂತಿ ಸುದ್ದಿ ತರುವವನೇ ಬಂದನೆಂದು ಹಿತ್ತಲಿಗೆ ಓಡುತ್ತಿದ್ದೆ. ಗೌರಿ ಮಾತ್ರ, "ಅದ್ರ ಪಾಡ್ಗೆ ಅದು ಇರ್ಲಿ ಬುಡ್ರಿ, ಬಿರಡೆ ಗಿರಡೆ ಏನೂ ಬ್ಯಾಡ" ಎನ್ನುತ್ತಿದ್ದಳು. ಒಡಹುಟ್ಟಿದವಳಿಗೇ ಇಷ್ಟು ನಿಶ್ಚಿಂತೆಯೇ ಎಂದು ನನಗೆ ಒಳಗೊಳಗೇ ಸಿಟ್ಟು.

ಕೊನೆಗೆ, ಪೆಟ್ರೋಲಿಲ್ಲದ ಆ ಕಾಲದಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸು ಹತ್ತಿ ದಂಡಿಗೆ ಹೋಗಿ ಆ ಲೋಹದ ಬಿರಡೆಗಳನ್ನು ತಂದೇಬಿಟ್ಟೆ. ತಂದ ಮೇಲೆ ಅವನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದ ಹಿಂದೆ ಬಹಳ ದಿನ ಬಚ್ಚಿಟ್ಟಿದ್ದೆ, ಧೈರ್ಯ ಬರಲಿ ಎಂದು. ಧೈರ್ಯ ಬರಲಿಲ್ಲ, ಇರುವೆ ಬಂತು. ಒಂದು ಭಾನುವಾರ ಮನಸ್ಸು ಗಟ್ಟಿಮಾಡಿ ಆಚಾರಿಯನ್ನು ಕರೆಸಿದೆ. ನೇಗಿಲು, ನೊಗ ಮಾಡುವ ಮನುಷ್ಯ, ತೆಲುಗು ಮನೆಮಾತು. ಅವನು ಚೀಲದಿಂದ ತೂತು ಕೊರೆಯುವ ಬೈರಿಗೆ ತೆಗೆದದ್ದನ್ನು ನೋಡಿಯೇ ನನಗೆ ಬೆವರು ಕಿತ್ತುಕೊಂಡು ಬಂತು. "ಏಮೀ ಕಾದು ಸಾಮಿ, ಹೆದರ್ಕಬ್ಯಾಡಿ. ಮೊದ್ಲು ಆ ಹೂವ ಬಿಚ್ಚಿ" ಎಂದ. ನಾನು ದಂಡೆಗೆ ಕೈಹಾಕಿದೆ.

"ಅಳಿಯಂದ್ರೆ, ಆ ಹೂವ ಮುಟ್‌ಬ್ಯಾಡಿ!" ಎನ್ನುತ್ತ ಅತ್ತೆ ಅಡುಗೆಮನೆಯಿಂದ ಓಡಿಬಂದರು. ಆ ಕೂಗಿಗೆ ಬೆಚ್ಚಿ ನಾನು ದಂಡೆಯನ್ನು ಜಗ್ಗಿಯೇಬಿಟ್ಟೆ. ಹೂವು ಕೈಗೆ ಬಂತು. ಜೊತೆಗೆ ಮೂರನೆಯ ತಂತಿಯೂ ಬಂತು. ಅದು ಬಿರಡೆಯಿಂದ ಎರಡು ಬೆರಳು ಕೆಳಗೆ ಎಂದೋ ಹರಿದುಹೋಗಿ, ಅಲ್ಲಿಗೆ ಬಾಳೆನಾರಿನಿಂದ ಗಂಟು ಹಾಕಿತ್ತು. ನಮ್ಮ ಹೆಂಗಸರು ಹೂ ಕಟ್ಟುವಾಗ ಹಾಕುವ ಅದೇ ಗಂಟು. ಮೇಲೆ ಅರಿಶಿನ ಮೆತ್ತಿತ್ತು. ಹರಿದ ತುದಿಯನ್ನು ಹಿಡಿದು ನಾನು ಅತ್ತೆಯ ಕಡೆ ತಿರುಗಿದೆ.

ಅತ್ತೆ ಸೆರಗಿನಿಂದ ಕೈ ಒರೆಸಿಕೊಂಡರು. "ಯುಗಾದಿಗೆ ಧೂಳ್ ಒರಸ್ವಾಗ ನನ್ ಕೈಯಾಗೆ ಹರದೋಯ್ತು. ನೀವು ನೋಡುದ್ರೆ ಎದೆ ಒಡ್ಕಂಬುಡ್ತೀರಿ ಅಂತ ನಾರು ಕಟ್ಬುಟ್ಟೆ. ನೀವು ದಿನಾ ಜಗ್ಗಿ ಜಗ್ಗಿ ಸಡ್ಲ ಮಾಡೋದು, ನಾನು ಶುಕ್ರವಾರ ಹೊಸ ನಾರು ಹಾಕೋದು."

"ನಿಮಗೆ ಹೆದರಿಕೆ ಆಗಲಿಲ್ಲವೇ ಅತ್ತೆ?"

"ಆಗ್ದೆ ಇರ್ತದಾ? ಹೆತ್ತೋಳು ನಾನು. ದೇವ್ರ ಮುಂದೆ ಕುಂತು ಅತ್ತಿದ್ದೇ ಅತ್ತಿದ್ದು. ಆಮೇಕೆ ಅವ್ನ ಕಾಗದ ಬಂತು. ತಂತಿ ಹರದ್ ಮ್ಯಾಲೆ ಬರ್ದಿದ್ದು. ಅವತ್ತೇ ನನ್ ಭಯ ಹೋಯ್ತು, ಗೌರೀದೂ ಹೋಯ್ತು. ನಿಮ್ದು ಹೋಗೋ ಅಂಗೆ ಕಾಣ್ನಿಲ್ಲ. ಅದ್ಕೇ ಗುಟ್ಟಾಗಿ ಮಡಗಿದ್ವಿ."

ಗೌರಿ ಬಾಗಿಲ ಸಂದಿಯಲ್ಲಿ ನಿಂತು ಮುಸಿಮುಸಿ ನಗುತ್ತಿದ್ದಳು. ಆಚಾರಿಯೂ ನಕ್ಕ. ಹಳೆಯ ಬಿರಡೆಗಳನ್ನು ತಿರುಗಿಸಿ ನೋಡಿ, ಗಟ್ಟಿಯಾಗಿಯೇ ಇವೆ, ಹೊಸವು ಯಾಕೆ ಎಂದು ಕೇಳಿದ. "ತಂದವ್ರಲ್ಲಪ್ಪ, ಹಾಕ್ಬುಡು. ಅವ್ರಿಗೊಸಿ ನಿದ್ದೆ ಬರ್ಲಿ" ಎಂದರು ಅತ್ತೆ. ಗಿಟಾರಿನ ತಲೆ ಸೀಳಲಿಲ್ಲ. ಸೀಳಿದ್ದರೂ ಹೆಂಗಸರು ಅದಕ್ಕೊಂದು ನಾರು ಕಟ್ಟಿ ಹೂ ಮುಡಿಸಿಬಿಡುತ್ತಿದ್ದರು.

ಯುದ್ಧ ಮುಗಿದು ಮುನಿರಾಜ ಬಂದ. ಕಡ್ಡಿಯ ಹಾಗೆ ಆಗಿದ್ದ, ಕೈಕಾಲು ನೆಟ್ಟಗಿದ್ದವು. ಅವನನ್ನು ಮುಟ್ಟಿ ನೋಡಿ ನಾನು ಗೊಳೋ ಎಂದು ಅತ್ತುಬಿಟ್ಟೆ. ನಾನಿನ್ನೂ ಎಲೆಯ ಮುಂದೆ ಇರುವಾಗಲೇ ಅವನು ಕೈತೊಳೆದು ಬಂದು ಗಿಟಾರು ಇಳಿಸಿಕೊಂಡು, "ಇದೇನ್ ಭಾವ, ಬಿರಡೆ ಬದ್ಲಾಯಿಸಿದ್ದೀರಿ?" ಎಂದು ಕೇಳಿದ. "ಹಳೇವುಕ್ಕೆ ಹುಳ ಬಿದ್ದಿತ್ತು ಕಣ್ಲಾ" ಎಂದು ಅತ್ತೆ ಮಜ್ಜಿಗೆ ಬಡಿಸುತ್ತಲೇ ಹೇಳಿದರು.

ಮುನಿರಾಜ ತಲೆದೂಗಿ, ಒಂದು ತಂತಿ ಮೀಟಿ, ಆಮೇಲೆ ಹೇಳಿದ: "ನಾ ಹೊಂಟ್ ದಿನ ನೆಪ್ಪೈತಾ ಭಾವ? ಬಸ್ಸಿನ ತಾವ ಎಲ್ರೂ ಅಳ್ತಿದ್ರು. ನೀವೊಬ್ರೇ ಅಲ್ಲಾಡ್ದಂಗೆ ಕಲ್ಲಾಗಿ ನಿಂತಿದ್ರಿ. ಅಲ್ಲಿ ಬಾಂಬ್ ಬೀಳ್ವಾಗೆಲ್ಲ ನಿಮ್ಮುನ್ನೇ ನೆನೆಸ್ಕಂಡು ಲಾರಿ ಓಡಿಸ್ದೆ. ಭಾವನ ಅಂಗೆ ಇರ್ಬೇಕು ಅಂತ."

ಅಂದು ನನಗೆ ಹೆದರಿಕೆಯಿಂದ ಕಾಲೇ ಎತ್ತಲಾಗಿರಲಿಲ್ಲ. ಅದನ್ನು ಹೇಳೋಣವೆಂದು ಬಾಯಿ ತೆರೆದೆ. ಅತ್ತೆ ನನ್ನ ಕಡೆ ಒಂದು ನೋಟ ಬಿಟ್ಟು, ನನ್ನ ಲೋಟಕ್ಕೆ ಇನ್ನೊಂದು ಸೌಟು ಮಜ್ಜಿಗೆ ಹಾಕಿದರು. ನಾನು ಬಾಯಿ ಮುಚ್ಚಿಕೊಂಡು ಕುಡಿದೆ.