ಗಂಧಕದ ಮಂಜೂರಿ, ಎಳ್ಳಮಾಸಿ ಕಡಬು

ಬೇಸಾಯ ಖಾತೆಯಲ್ಲಿ ದುಡಿದವನು ನಗುವುದಕ್ಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ. ಸರಕಾರದ ಹಣ ಒಂದು ದಾರಿಯಲ್ಲಿ ಬರುತ್ತದೆ, ಬೆಳೆಯ ರೋಗ ಇನ್ನೊಂದು ದಾರಿಯಲ್ಲಿ. ಎರಡೂ ಒಂದನ್ನೊಂದು ಭೇಟಿಯಾದದ್ದನ್ನು ನಾನಂತೂ ನೋಡಿಲ್ಲ.

ನಿಜಾಮರ ಆಳ್ವಿಕೆಯ ಕೊನೆಗಾಲ. ಶಹಾಪುರದ ಹತ್ತಿರ ಸರಕಾರದ ಒಂದು ಮಾದರಿ ಹೊಲವಿತ್ತು. ಅಲ್ಲಿ ನಾನು ಸಹಾಯಕ. ನೌಕರಿ ಹಂಗಾಮಿ, ಹೈದರಾಬಾದಿನಿಂದ ಮಂಜೂರಿ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಮದುವೆಯಾಗಿತ್ತು, ಆದರೆ ಹೆಂಡತಿ ಸುರಪುರದ ತವರುಮನೆಯಲ್ಲೇ ಇದ್ದಳು. ಕರೆಯಲು ಹೋದಾಗಲೆಲ್ಲ ಮಾವನದು ಒಂದೇ ಮಾತು: "ನೌಕರಿ ಖಾಯಂ ಆಗ್ಲಿ, ಕಳಸ್ತೀನಿ. ಹಂಗಾಮಿ ಅಳಿಯಗ ಖಾಯಂ ಹೆಂಡ್ತಿ ಹ್ಯಾಂಗ ಕೊಡ್ಲಿ?"

ಅದಕ್ಕೇ ಮಂಜೂರಿ ಎಂದರೆ ಸಾಕು, ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

೧. ಬಿತ್ತಿದ ಮೇಲೆ ಬಂದ ಮದ್ದು

ನಮ್ಮ ಕಡೆ ಜೋಳಕ್ಕೆ ಕಾಡಿಗೆ ರೋಗ ಬರುತ್ತಿತ್ತು. ತೆನೆಯಲ್ಲಿ ಕಾಳಿನ ಬದಲು ಕರಿ ಪುಡಿ. ಬಿತ್ತುವ ಮುಂಚೆ ಬೀಜಕ್ಕೆ ಗಂಧಕದ ಪುಡಿ ಹಚ್ಚಿದರೆ ಆ ಕಾಟ ತಪ್ಪುತ್ತದೆ. ನಮ್ಮ ಸಾಹೇಬರು ಹೈದರಾಬಾದಿನವರು, ಒಳ್ಳೆಯವರು, ಉರಿಬಿಸಿಲಲ್ಲೂ ಶೇರವಾನಿಯ ಗುಂಡಿ ಬಿಚ್ಚದವರು. ಬೇಸಿಗೆಯಲ್ಲೇ ಮೇಲಕ್ಕೆ ಬರೆದು ಗಂಧಕ ಕೇಳಿದ್ದರು. ಮಂಜೂರಿಯಾಗಿ, ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು, ಬಂಡಿಯಲ್ಲಿ ಭೀಮಾ ದಾಟಿ ಚೀಲಗಳು ಬಂದವು. ಅಷ್ಟರಲ್ಲಿ ಹಿಂಗಾರಿ ಜೋಳ ಗೇಣುದ್ದ ಎದ್ದಿತ್ತು.

ಪಕ್ಕದ ಹೊಲದ ಗೌಡ ಬಂದು ಚೀಲ ತಟ್ಟಿ ನೋಡಿದ.

"ಇದನ್ನ ಬೀಜಕ್ಕ ಹಚ್ಚಬೇಕೇನ್ರಿ?"

"ಹೌದು, ಹುಕುಂ ಆಗ್ಯದ," ಅಂದರು ಸಾಹೇಬರು.

ಗೌಡ ಹೊಲದ ಕಡೆ ತಿರುಗಿ ಪೈರಿಗೇ ಹೇಳಿದ: "ಒಳಗ ಹೋಗ್ರೆಪಾ, ಸರಕಾರದೋರು ಬಂದಾರ!"

೨. ಎಚ್ಚೆತ್ತ ರೈತ

ಬಂದ ಮದ್ದನ್ನು ಹಂಚಲೇಬೇಕು. ಹಂಚದಿದ್ದರೆ ಬೇಡಿಕೆಯಿಲ್ಲವೆಂದು ಮುಂದಿನ ಮಂಜೂರಿ ಕತ್ತರಿಸುತ್ತಾರೆ. ಮುಂದಿನ ಬಿತ್ತನೆಗೆ ಇಟ್ಟುಕೊಳ್ಳಲಿ ಎಂದು ಡಂಗುರ ಹೊಡೆಸಿದೆವು. ಬೆಳಗಾಗುವುದರೊಳಗೆ ಬಾಗಿಲಲ್ಲಿ ಜಾತ್ರೆ ನೆರೆದಂತೆ ಜನ. ಸಾಹೇಬರ ಕಣ್ಣು ತುಂಬಿ ಬಂತು. "ನೋಡು, ರೈತ ಎಚ್ಚರಾಗ್ಯಾನ," ಅಂದರು.

ನನಗೆ ಯಾಕೋ ಸಂಶಯ. ಸಾಲಿನಲ್ಲಿ ನೇಕಾರನಿದ್ದ, ಕಿರಾಣಿ ಅಂಗಡಿಯವನಿದ್ದ, ಹೊಳೆಯಲ್ಲಿ ಮೀನು ಹಿಡಿಯುವವನೂ ಇದ್ದ. ಮೀನಿನವನನ್ನು ತಡೆದು ಕೇಳಿದೆ: "ನಿನಗ ಹೊಲಾನೇ ಇಲ್ಲಲ್ಲೋ, ಗಂಧಕಾ ಯಾಕ?"

ಅವನು ಎರಡೂ ಅಂಗೈ ಚಾಚಿ ಬೆರಳು ಬಿಡಿಸಿ ತೋರಿಸಿದ. "ಹೊಲಾ ಇಲ್ರಿ, ಕಜ್ಜಿ ಅದ. ಕುಸಬಿ ಎಣ್ಯಾಗ ಕಲಸಿ ಹಚ್ಕೊಂಡು ಬಿಸಲಿಗಿ ಕುಂತ್ರ ಹದಿನೈದು ದಿನದಾಗ ಹೋಗ್ತದ."

ಸಂಜೆಗೆ ಗೋದಾಮು ಖಾಲಿ. ಹದಿನೈದು ದಿನದಲ್ಲಿ ಸುತ್ತಲಿನ ಊರುಗಳ ಮೈಕೆರೆತ ನಿಂತಿತು. ಜೋಳದ ಗತಿ ಹೇಗಿತ್ತೋ ಹಾಗೇ ಇತ್ತು. ವಿಷಯ ತಿಳಿದ ಸಾಹೇಬರು ತಲೆ ಮೇಲೆ ಕೈಹೊತ್ತು ಕೂತರು. ಆಮೇಲೆ ಬಾಗಿಲು ಮುಂದೆ ಮಾಡಿ, ಶೇರವಾನಿಯ ತೋಳು ಮೇಲೇರಿಸುತ್ತ ಮೆಲ್ಲಗೆ ಕೇಳಿದರು: "ಎಣ್ಣಿ ಎಷ್ಟು ಹಾಕ್ಬೇಕಂತ?"

೩. ಪಾಠದ ಮುಯ್ಯಿ

ಅದೇ ಮಂಜೂರಿಯಲ್ಲಿ ರೈತರ ಶಿಕ್ಷಣವೂ ಸೇರಿತ್ತು. ಸಾಹೇಬರು ಬೇವಿನ ಮರದ ಕೆಳಗೆ ಜನರನ್ನು ಕೂರಿಸಿ ಒಂದಿಡೀ ದಿನ ಹುಳದ ಜನ್ಮ, ಬಾಲ್ಯ, ಯೌವನ ಎಲ್ಲ ಹೇಳಿದರು. ಜನ ಮರ್ಯಾದೆಯಿಂದ ಕೂತು ಕೇಳಿದರು. ಕೆಲವರು ಮರ್ಯಾದೆಯಿಂದ ನಿದ್ದೆಯನ್ನೂ ಮಾಡಿದರು.

ಮರುದಿನ ಗೌಡನ ಹೆಂಡತಿ ಕುಡುಗೋಲು ಹಿಡಿದು ನಮ್ಮ ಬಾಗಿಲಿಗೆ ಬಂದಳು. "ನಡೀರಿ ಸಾಹೇಬ್ರ, ಹೊಲದಾಗ ಕಸಾ ತಗ್ಯೂದು ಅದ."

ಸಾಹೇಬರು ನನ್ನ ಮುಖ ನೋಡಿದರು. ನಾನು ವಿವರಿಸಿದೆ: ನಮ್ಮಲ್ಲಿ ಕೂಲಿಗಿಂತ ಮುಯ್ಯಿ ದೊಡ್ಡದು. ಇವತ್ತು ನಾನು ನಿನ್ನ ಹೊಲಕ್ಕೆ ಬಂದರೆ ನಾಳೆ ನೀನು ನನ್ನ ಹೊಲಕ್ಕೆ ಬರಬೇಕು. ಅವರು ತಮ್ಮ ಒಂದು ದಿನ ನಮಗೆ ಕೊಟ್ಟಿದ್ದಾರೆ, ಅದನ್ನು ತೀರಿಸದಿದ್ದರೆ ಮುಂದಿನ ಪಾಠಕ್ಕೆ ನರಪಿಳ್ಳೆಯೂ ಬರುವುದಿಲ್ಲ, ಜನ ಬಾರದಿದ್ದರೆ ಮಂಜೂರಿ ಇಲ್ಲ.

ಸಾಹೇಬರು ಹೊರಟರು. ರೂಮಿ ಟೋಪಿ, ಶೇರವಾನಿ, ಕೈಯಲ್ಲಿ ಕುಡುಗೋಲು. ಮಧ್ಯಾಹ್ನದವರೆಗೆ ತಲೆ ಎತ್ತದೆ ದುಡಿದರು. ಗೌಡನ ಹೆಂಡತಿ ಬುತ್ತಿ ತಂದವಳು ಅವರು ದಾಟಿಬಂದ ಸಾಲನ್ನು ಒಮ್ಮೆ ನೋಡಿದಳು. ಕಸ ನಿಂತೇ ಇತ್ತು, ಜೋಳ ಮಲಗಿತ್ತು.

"ಸಾಹೇಬ್ರ," ಅಂದಳು ಕೈ ಮುಗಿದು, "ಪಾಠಕ್ಕ ಎಷ್ಟ ದಿನಾ ಕರೀತೀರಿ ಕರೀರಿ, ಬರ್ತೀವಿ. ಮುಯ್ಯಿ ತೀರಸಾಕ ಮಾತ್ರ ಬರಬ್ಯಾಡ್ರಿ."

೪. ಮಾದರಿ ಸಾಲದು

ಎಳ್ಳು ಅಮಾವಾಸ್ಯೆಯ, ಅಂದರೆ ನಮ್ಮ ಎಳ್ಳಮಾಸಿ ಹಬ್ಬದ, ಹಿಂದಿನ ದಿನ ತಂತಿ ಬಂತು. ಹೈದರಾಬಾದಿನ ದೊಡ್ಡ ಸಾಹೇಬರು ನಾಳೆ ಬರುತ್ತಾರೆ, ರೈತರು ಮದ್ದು ಬಳಸುವುದನ್ನು ಕಣ್ಣಾರೆ ನೋಡುತ್ತಾರೆ, ಕಾಣದಿದ್ದರೆ ಮಂಜೂರಿ ಬಂದ್. ಗೋದಾಮಿನಲ್ಲಿ ಚಿಟಿಕೆ ಗಂಧಕವಿಲ್ಲ. ಮಂಜೂರಿ ನಿಂತರೆ ನೌಕರಿ ಹೋಯಿತು, ನೌಕರಿ ಹೋದರೆ ಸುರಪುರದ ಬಾಗಿಲು ಮುಚ್ಚಿತು. ನಾನು ನಿಜಕ್ಕೂ ಹೆದರಿದ್ದೆ.

ಎಳ್ಳಮಾಸಿ ಅಂದರೆ ನಮ್ಮ ಕಡೆ ಮನೆಯಲ್ಲಿ ಯಾರೂ ಇರುವುದಿಲ್ಲ. ತೆನೆ ಹೊತ್ತ ಭೂಮಿ ಬಸುರಿ, ಅವಳ ಬಯಕೆ ತೀರಿಸಬೇಕು. ಸಜ್ಜೆ ಕಡಬು, ರೊಟ್ಟಿ, ಕಾಳು-ಸೊಪ್ಪು ಕುದಿಸಿದ ಬಜ್ಜಿ ಎಲ್ಲ ಕಲಸಿ ಹೊಲದ ತುಂಬ ಕೂಗುತ್ತ ಎರಚುತ್ತಾರೆ. ಅದು ಚರಗ. ಉಳಿದದ್ದನ್ನು ಅಲ್ಲೇ ಕೂತು ಉಣ್ಣುತ್ತಾರೆ. ದೊಡ್ಡ ಸಾಹೇಬರು ಮೋಟಾರಿನಿಂದ ಇಳಿದವರೇ ನಿಂತುಬಿಟ್ಟರು. ಕಣ್ಣು ಹಾಯುವವರೆಗೆ ಪ್ರತಿ ಹೊಲದಲ್ಲೂ ಜನ ಏನನ್ನೋ ಚೆಲ್ಲುತ್ತಿದ್ದಾರೆ!

"ಇದೇನು?" ಅಂದರು.

ನಮ್ಮ ಸಾಹೇಬರು ಬಾಯಿ ತೆರೆಯುವುದರೊಳಗೆ ಗೌಡನೇ ಉತ್ತರ ಕೊಟ್ಟ: "ಇದನ್ನ ಚೆಲ್ಲಿದ್ರ ಹುಳಾ ಹುಪ್ಪಡಿ ತಮ್ಮ ಪಾಲು ತಿಂದು ಹೊಳ್ಳಿ ಹೋಗ್ತಾವ್ರಿ, ಬೆಳಿ ಮುಟ್ಟಂಗಿಲ್ಲ. ನಮ್ಮ ಮುತ್ಯಾನ ಕಾಲದಿಂದ ಮಾಡ್ತೀವಿ."

ನಮ್ಮ ಸಾಹೇಬರು ಅದನ್ನು ಉರ್ದುವಿನಲ್ಲಿ ಹೇಳಿದರು. ಸುಳ್ಳೊಂದೂ ಸೇರಿಸಲಿಲ್ಲ, ಅಜ್ಜ-ಮುತ್ಯಾನ ಕಾಲವನ್ನು ಮಾತ್ರ ಬಿಟ್ಟರು.

ದೊಡ್ಡ ಸಾಹೇಬರ ಮುಖ ಅರಳಿತು. ವಿಲಾಯತಿಯಲ್ಲೂ ತೌಡಿಗೆ ವಿಷ ಬೆರೆಸಿ ಹುಳಕ್ಕೆ ಹೀಗೇ ಚೆಲ್ಲುತ್ತಾರಂತೆ. ಆದರೆ ಇಡೀ ಸೀಮೆ ಒಂದೇ ದಿನ ಒಂದಾಗಿ ಚೆಲ್ಲುವುದನ್ನು ಅವರು ಎಲ್ಲೂ ಕಂಡಿರಲಿಲ್ಲ. ಅಷ್ಟರಲ್ಲಿ ಜನ ಉಣ್ಣಲು ಕೂತರು. ದೊಡ್ಡ ಸಾಹೇಬರು ಚೀರಿದರು: "ಅರೇ, ತಡೀರಿ! ಅದನ್ನೇ ತಿನ್ನುತ್ತಿದ್ದಾರೆ!"

"ನಿಮಗೂ ಬಡಸೂನೇನ್ರಿ?" ಅಂದ ಗೌಡ.

ನಮ್ಮ ಸಾಹೇಬರು ಮನುಷ್ಯರಿಗೆ ಅಪಾಯವಿಲ್ಲವೆಂದು ತೋರಿಸಲು ಅಲ್ಲೇ ಕಡಬು ತಿಂದರು. ಒಂದು ಸಾಕಾಗಿತ್ತು, ನಾಲ್ಕು ತಿಂದರು. ದೊಡ್ಡ ಸಾಹೇಬರು ಒಂದು ಬುಟ್ಟಿ ಕಡಬನ್ನು ಪ್ರಯೋಗಶಾಲೆಗೆ ಮಾದರಿಯೆಂದು ಮೋಟಾರಿಗೆ ಏರಿಸಿ, ಪರೀಕ್ಷೆ ಮುಗಿಯುವವರೆಗೆ ಮಂಜೂರಿ ಮುಂದುವರಿಯಲಿ ಎಂದು ಹೇಳಿ ಹೋದರು.

ಕೆಲವು ದಿನಕ್ಕೆ ಹೈದರಾಬಾದಿನಿಂದ ಉತ್ತರ ಬಂತು: "ಮಾದರಿ ಪರೀಕ್ಷೆಗೆ ಸಾಲಲಿಲ್ಲ. ಇನ್ನೊಂದು ಬುಟ್ಟಿ ಕಳಿಸುವುದು. ಬಜ್ಜಿಯೂ ಇರಲಿ."

ಮಾಡುವವರು ಯಾರು? ಹಬ್ಬ ಮುಗಿದಿತ್ತು, ನಮಗಿಬ್ಬರಿಗೂ ನೀರು ಕಾಯಿಸುವುದರಾಚೆ ಅಡುಗೆ ಬಾರದು. ಸಾಹೇಬರೇ ಬಂಡಿ ಕಟ್ಟಿಸಿ ಸುರಪುರಕ್ಕೆ ಹೋಗಿ ಮಾವನ ಮುಂದೆ ನಿಂತರು. "ಸರಕಾರಿ ಸಂಶೋಧನೆಗಿ ನಿಮ್ಮ ಮಗಳು ಬೇಕಾಗ್ಯಾಳ," ಅಂದರು. ರೂಮಿ ಟೋಪಿ ನೋಡಿ ಮಾವ ಎರಡು ಮಾತಾಡಲಿಲ್ಲ. ಮಗಳ ಜೊತೆ ಒಂದು ಚೀಲ ಸಜ್ಜೆಯನ್ನೂ ಕಳಿಸಿದ. ಬಂಡಿ ನಮ್ಮ ಬಾಗಿಲಲ್ಲಿ ನಿಂತಾಗ ನನಗಾದ ಸಂತೋಷ ಯಾವ ಖಾಯಂ ನೌಕರನಿಗೂ ಆಗಿರಲಾರದು.

ಆಮೇಲೆ ಬುಟ್ಟಿ ಹೋಗುವುದು, "ಸಾಲಲಿಲ್ಲ" ಎಂದು ಉತ್ತರ ಬರುವುದು, ಇದೇ ರೂಢಿಯಾಯಿತು. ಒಂದು ದಿನ ನನಗೆ ನಾಚಿಕೆಯೆನಿಸಿ ಹೆಂಡತಿಗೆ ಹೇಳಿದೆ: "ಈ ಸಲ ಬುಟ್ಟಿ ತುಂಬ ಮಾಡು. ಪರೀಕ್ಷಾ ಒಮ್ಮೆ ಮುಗೀಲಿ."

ಅವಳು ಒಲೆಯ ಮುಂದಿನಿಂದ ತಿರುಗಿ ನೋಡಿದಳು. "ಪರೀಕ್ಷಾ ಮುಗಿದ್ರ ಮಂಜೂರಿ ಮುಗೀತದ. ಮಂಜೂರಿ ಮುಗಿದ್ರ ನೌಕರಿ ಹೋಗ್ತದ. ನೌಕರಿ ಹೋದ್ರ ನಮ್ಮಪ್ಪ ಬಂಡಿ ತರ್ತಾನ." ಎಂದವಳೇ ಬುಟ್ಟಿಯಿಂದ ಎರಡು ಕಡಬು ತೆಗೆದು ನನ್ನ ತಾಟಿಗೆ ಹಾಕಿದಳು.

"ಸುಮ್ನ ತಿನ್ರಿ. ಮಾದರಿ ಸಾಲಬಾರದು."